ಹುಣ್ಣು ಒಣಗಿದರೂ ನೋವು ಹೋಗದಿದ್ದರೆ

"ಡಾಕ್ಟ್ರೇ, ರಿಪೋರ್ಟ್ ಎಲ್ಲಾ ನಾರ್ಮಲ್ ಅಂತೀರಿ. ಹಾಗಾದ್ರೆ ಈ ನೋವು ಎಲ್ಲಿಂದ ಬರ್ತಿದೆ?"

ಕರುಳಿನ ಉರಿಯೂತದ ಕಾಯಿಲೆ, ಅಂದರೆ ಐಬಿಡಿ ಇರುವವರನ್ನು ನೋಡುವ ಯಾವ ವೈದ್ಯರಿಗೂ ಈ ಪ್ರಶ್ನೆ ಹೊಸದಲ್ಲ. ವರ್ಷಗಟ್ಟಲೆ ಮಾತ್ರೆ ನುಂಗಿ, ಸ್ಟೀರಾಯ್ಡಿನಿಂದ ಮುಖ ಊದಿಸಿಕೊಂಡು, ಇಂಜೆಕ್ಷನ್ನಿಗೆ ಸಾಲಸೋಲ ಮಾಡಿ, ಕೊನೆಗೂ ರಕ್ತ ಹೋಗುವುದು ನಿಂತಿರುತ್ತದೆ. ಕೊಲೊನೊಸ್ಕೋಪಿಯ ಬಣ್ಣದ ಚಿತ್ರದಲ್ಲಿ ಕರುಳಿನ ಒಳಪದರ ನುಣ್ಣಗೆ ಕಾಣುತ್ತದೆ. ನೋವು ಮಾತ್ರ ಇದ್ದಲ್ಲೇ ಇರುತ್ತದೆ. ಮನೆಯಲ್ಲಿ "ಎಲ್ಲಾ ಸರಿ ಇದೆ ಅಂದ್ರಲ್ಲ, ಇನ್ನೇನು?" ಎನ್ನುತ್ತಾರೆ. ಪಕ್ಕದ ಮನೆಯವರು "ಗ್ಯಾಸ್ಟ್ರಿಕ್ ಇರ್ಬೇಕು" ಎಂದು ಜೀರಿಗೆ ಕಷಾಯ ಹೇಳುತ್ತಾರೆ. ನಮ್ಮಲ್ಲಿ ಹೊಟ್ಟೆಯ ಯಾವ ತಕರಾರಿಗೂ ಇರುವುದು ಅದೊಂದೇ ಹೆಸರು.

ಐಬಿಡಿಯಲ್ಲಿ ಮುಖ್ಯವಾಗಿ ಎರಡು ಬಗೆ. ಬಾಯಿಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು ಕರುಳಿನ ಗೋಡೆಯ ಆಳಕ್ಕೂ ಇಳಿಯುವುದು ಕ್ರೋನ್ಸ್ ಕಾಯಿಲೆ. ದೊಡ್ಡ ಕರುಳಿನ ಒಳಪದರದಲ್ಲಷ್ಟೇ ಹುಣ್ಣು ಮಾಡುವುದು ಅಲ್ಸರೇಟಿವ್ ಕೊಲೈಟಿಸ್. ಉರಿಯೂತ ಹತೋಟಿಗೆ ಬಂದವರಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಹೊಟ್ಟೆನೋವು, ಉಬ್ಬರ, ಅವಸರದ ಮಲಪ್ರವೃತ್ತಿ ಉಳಿದುಬಿಡುತ್ತವೆ. ಇಂಥ ನೋವಿಗೆ ಕರುಳಿನ ಬದಲು ಮೆದುಳಿಗೆ ಚಿಕಿತ್ಸೆ ಕೊಟ್ಟರೆ ಹೇಗೆ ಎಂಬ ಯೋಚನೆ ಕಳೆದ ಹತ್ತಾರು ವರ್ಷಗಳಿಂದ ನಡೆದಿದೆ. ತಲೆಯ ಮೇಲೆ ಎರಡು ಒದ್ದೆ ಸ್ಪಾಂಜು ಇಟ್ಟು ಸಣ್ಣ ಕರೆಂಟು ಹಾಯಿಸುವುದು ಅದರಲ್ಲಿ ಒಂದು. ಇಂಟರ್ನೆಟ್ಟಿನಲ್ಲಿ ಇದರ ಬಗ್ಗೆ ಓದಿ "ಇದು ನನಗೆ ಆಗುತ್ತಾ?" ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಆಗಬಹುದು. ಆದರೆ ಅದಕ್ಕೊಂದು ಸರದಿ ಇದೆ, ಆ ಸರದಿ ತಪ್ಪಿಸಿದರೆ ನಷ್ಟ ನಿಮ್ಮದೇ.

ಮೊದಲು ಕರುಳಿನ ಲೆಕ್ಕ ಮುಗಿಯಲಿ

ನೋವು ಉಳಿದಿದೆ ಎಂದ ಕೂಡಲೇ ಅದು ನರಗಳ ತಂಟೆ ಎಂದು ತೀರ್ಮಾನಿಸಬಾರದು. ಕಾಯಿಲೆ ಒಳಗೇ ಹೊಗೆಯಾಡುತ್ತಿರಬಹುದು. ಇದನ್ನು ತಿಳಿಯಲು ಪ್ರತಿ ಸಲವೂ ಕೊಲೊನೊಸ್ಕೋಪಿ ಬೇಕಿಲ್ಲ. ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬ ಪ್ರೋಟೀನ್ ಎಷ್ಟಿದೆ ಎಂದು ನೋಡುವ ಪರೀಕ್ಷೆ ಇದೆ. ಗ್ರಾಂಗೆ 50 ಮೈಕ್ರೋಗ್ರಾಮಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ನಿರಾಳ. 250 ದಾಟಿದರೆ ಕರುಳಿನಲ್ಲಿ ಉರಿಯೂತ ಇದೆ ಎಂದು ಅನುಮಾನಿಸಬೇಕು. ಹಿಂದಿನ ವಾರ ನೋವಿನ ಮಾತ್ರೆ ತಿಂದಿದ್ದರೂ ಈ ಅಂಕಿ ಏರಬಹುದು, ಹಾಗಾಗಿ ತಿಂದಿದ್ದರೆ ಮುಚ್ಚಿಡದೆ ಹೇಳಿ.

ಕ್ರೋನ್ಸ್ ಇದ್ದವರಿಗೆ ಹುಣ್ಣು ಒಣಗಿದ ಜಾಗದಲ್ಲಿ ಕರುಳು ಕಿರಿದಾಗಿರಬಹುದು. ಊಟವಾದ ಸ್ವಲ್ಪ ಹೊತ್ತಿಗೆ ಹಿಂಡುವ ನೋವು, ಹೊಟ್ಟೆಯಲ್ಲಿ ಗುಡುಗುಡು, ಆಮೇಲೆ ವಾಂತಿ ಬಂದರೆ ಅದು ಇಕ್ಕಟ್ಟಾದ ಕರುಳಿನ ಲಕ್ಷಣ. ಅದಕ್ಕೆ ತಲೆಗೆ ಕರೆಂಟು ಕೊಟ್ಟು ಉಪಯೋಗವಿಲ್ಲ. ಹಿಂದೆ ಆಪರೇಷನ್ ಆಗಿದ್ದರೆ ಕರುಳುಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟವರಲ್ಲಿ ಪಿತ್ತಕೋಶದ ಕಲ್ಲು, ಮೂತ್ರಪಿಂಡದ ಕಲ್ಲು ಎರಡೂ ಹೆಚ್ಚು. ನಮ್ಮ ದೇಶದಲ್ಲಿ ಇನ್ನೊಂದು ಗಂಟಿದೆ: ಕರುಳಿನ ಟಿಬಿ. ಕ್ಯಾಮೆರಾದಲ್ಲೂ ಸ್ಕ್ಯಾನಿನಲ್ಲೂ ಅದು ಕ್ರೋನ್ಸ್‌ನಂತೆಯೇ ಕಾಣುತ್ತದೆ, ಅನುಭವಿ ವೈದ್ಯರನ್ನೂ ಏಮಾರಿಸುತ್ತದೆ. ಕ್ರೋನ್ಸ್ ಎಂದು ಔಷಧಿ ನಡೆದಿದ್ದರೂ ಜ್ವರ, ತೂಕ ಇಳಿಕೆ ನಿಲ್ಲದಿದ್ದರೆ ಈ ಪ್ರಶ್ನೆಯನ್ನು ಮತ್ತೊಮ್ಮೆ ಎತ್ತುವುದರಲ್ಲಿ ಸಂಕೋಚ ಬೇಡ.

ಹೊಟ್ಟೆ ಕಲ್ಲಿನಂತೆ ಗಟ್ಟಿಯಾದರೆ, ಹೂಸೂ ಹೋಗದೆ ವಾಂತಿ ಶುರುವಾದರೆ, ಜ್ವರ ಬಂದರೆ, ಮಲದಲ್ಲಿ ಮತ್ತೆ ರಕ್ತ ಕಂಡರೆ ಈ ಲೇಖನ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ.

ನರ ಮರೆಯದ ಪಾಠ

ಇದೆಲ್ಲ ನೋಡಿಯೂ ಏನೂ ಸಿಗಲಿಲ್ಲ ಎಂದಿಟ್ಟುಕೊಳ್ಳೋಣ. ಆಗ ನೋವು ಎಲ್ಲಿಂದ?

ನಮ್ಮ ಕರುಳಿನ ಗೋಡೆಯಲ್ಲೇ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಅಲ್ಲಿಂದ ಬೆನ್ನುಹುರಿಗೆ, ಬೆನ್ನುಹುರಿಯಿಂದ ಮೆದುಳಿಗೆ ಸುದ್ದಿ ಹೋಗುತ್ತಲೇ ಇರುತ್ತದೆ. ಊಟ ಸಾಗಿತು, ಗಾಳಿ ತುಂಬಿತು ಎಂಬ ಇಂಥ ಸುದ್ದಿಗಳಲ್ಲಿ ಬಹುಪಾಲು ನಮ್ಮ ಗಮನಕ್ಕೇ ಬರುವುದಿಲ್ಲ. ತಿಂಗಳುಗಟ್ಟಲೆ ಉರಿಯೂತ ಇದ್ದಾಗ ಈ ನರಗಳು ಚುರುಕಾಗುತ್ತವೆ, ಬೆನ್ನುಹುರಿಯಲ್ಲಿ ಸುದ್ದಿಯ ದನಿ ದೊಡ್ಡದಾಗುತ್ತದೆ. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಎನ್ನುತ್ತೇವಲ್ಲ, ನರಗಳಿಗೂ ಹಾಗೇ. ಹಾವು ಹೋಗಿದೆ, ಈಗ ಇರುವುದು ಒಂದು ತುತ್ತು ಅನ್ನ, ಒಂದಿಷ್ಟು ಗಾಳಿ. ಅದನ್ನೇ ಅವು ಕಚ್ಚಿತು ಎಂದು ಕೂಗಿ ಹೇಳುತ್ತವೆ. ಮೇಲಿಂದ ನೋವನ್ನು ತಗ್ಗಿಸಬೇಕಾದ ಮೆದುಳಿನ ವ್ಯವಸ್ಥೆಯೂ ಸೋತು ಸಡಿಲವಾಗಿರುತ್ತದೆ.

ಇಲ್ಲೊಂದು ಮಾತು ಮನೆಯವರಿಗೆ. ನೋವಿನ ಬೇರು ಮೆದುಳು ಮತ್ತು ನರಗಳಲ್ಲಿದೆ ಎಂದರೆ ರೋಗಿ ನಾಟಕ ಮಾಡುತ್ತಿದ್ದಾನೆ ಎಂದಲ್ಲ. ಕಾಲು ಕತ್ತರಿಸಿ ತೆಗೆದ ಮೇಲೂ ಇಲ್ಲದ ಪಾದ ನೋಯುವುದನ್ನು ವೈದ್ಯಶಾಸ್ತ್ರ ಬಹಳ ಹಿಂದೆಯೇ ಒಪ್ಪಿದೆ. ಇರುವ ಕರುಳಿನ ನೋವನ್ನು ಒಪ್ಪಲು ನಮಗೇನು ಕಷ್ಟ?

ಕುರ್ಚಿಯಲ್ಲಿ ಇಪ್ಪತ್ತು ನಿಮಿಷ

ತಲೆಗೆ ಸಣ್ಣ ಕರೆಂಟು ಹಾಯಿಸುವ ಆ ಚಿಕಿತ್ಸೆಯನ್ನು ಟಿಡಿಸಿಎಸ್ ಎಂದು ಕರೆಯುತ್ತಾರೆ. ತಲೆಬುರುಡೆಯ ಹೊರಗಿಂದಲೇ ಒಂದೇ ದಿಕ್ಕಿನಲ್ಲಿ ಹರಿಯುವ ಸಣ್ಣ ವಿದ್ಯುತ್ತನ್ನು ಮೆದುಳಿಗೆ ಕೊಡುವ ವಿಧಾನ. ಕರೆಂಟು ಎಂದ ಕೂಡಲೇ ನಮ್ಮ ಜನರ ಕಣ್ಣಿಗೆ ಕಟ್ಟುವುದು ಸಿನಿಮಾದ ಶಾಕ್ ಟ್ರೀಟ್‌ಮೆಂಟ್. ಅದಕ್ಕೂ ಇದಕ್ಕೂ ಅಜಗಜಾಂತರ. ಶಾಕ್ ಚಿಕಿತ್ಸೆಯಲ್ಲಿ ಅರಿವಳಿಕೆ ಕೊಟ್ಟು, ನೂರಾರು ಮಿಲಿ ಆಂಪಿಯರ್ ಹಾಯಿಸಿ, ಬೇಕೆಂದೇ ಫಿಟ್ಸ್ ಬರಿಸುತ್ತಾರೆ. ಇಲ್ಲಿ ಹರಿಯುವುದು 2 ಮಿಲಿ ಆಂಪಿಯರ್, ರೋಗಿ ಎಚ್ಚರವಾಗಿಯೇ ಮಾತಾಡುತ್ತ ಕೂತಿರುತ್ತಾನೆ. ಎಲೆಕ್ಟ್ರೀಷಿಯನ್ನರ ಮಲ್ಟಿಮೀಟರಿನಲ್ಲಿ ಇರುತ್ತದಲ್ಲ, ಚೌಕಾಕಾರದ 9 ವೋಲ್ಟ್ ಬ್ಯಾಟರಿ, ಈ ಯಂತ್ರಗಳಲ್ಲಿ ಕೆಲವು ಅದರಿಂದಲೇ ನಡೆಯುತ್ತವೆ.

ತಲೆಗೆ ಸ್ನಾನ ಮಾಡಿ, ಎಣ್ಣೆ ಹಚ್ಚದೆ ಹೋಗಬೇಕು. ಕೊಬ್ಬರಿ ಎಣ್ಣೆ ಕರೆಂಟನ್ನು ತಡೆಯುತ್ತದೆ. ಕ್ಲಿಪ್ಪು, ಹೇರ್‌ಪಿನ್ನು ತೆಗೆದಿಡಬೇಕು. ತಂತ್ರಜ್ಞರು ದರ್ಜಿಯ ಟೇಪಿನಂಥದೇ ಟೇಪು ಹಿಡಿದು ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂದಿನ ಉಬ್ಬಿನವರೆಗೆ ಅಳೆಯುತ್ತಾರೆ. ಆಮೇಲೆ ಒಂದು ಕಿವಿಯ ಮುಂಭಾಗದಿಂದ ಇನ್ನೊಂದು ಕಿವಿಯವರೆಗೆ. ಎರಡೂ ಅಳತೆಯ ನಡುಬಿಂದು ಸೇರುವ ಜಾಗ ನೆತ್ತಿ. ಅಲ್ಲಿಂದ ಕಿವಿಯ ಕಡೆಗೆ, ಕಿವಿಯಿಂದ ಕಿವಿಗೆ ಇರುವ ದೂರದ ಶೇ 20ರಷ್ಟು ಇಳಿದರೆ ಬೇಕಾದ ಜಾಗ ಸಿಗುತ್ತದೆ. ಆ ದೂರ 36 ಸೆಂಟಿಮೀಟರ್ ಇದ್ದವರಿಗೆ ಅದು 7 ಸೆಂಟಿಮೀಟರಿಗಿಂತ ಚೂರು ಹೆಚ್ಚು. ಪೆನ್ಸಿಲಿನಲ್ಲಿ ಗುರುತು ಮಾಡಿ, ಕೂದಲು ಬೈತಲೆ ತೆಗೆದು, ಉಪ್ಪುನೀರಿನಲ್ಲಿ ನೆನೆಸಿದ ಸ್ಪಾಂಜಿಟ್ಟು ರಬ್ಬರ್ ಪಟ್ಟಿ ಕಟ್ಟುತ್ತಾರೆ. ಇನ್ನೊಂದು ಸ್ಪಾಂಜು ಸಾಮಾನ್ಯವಾಗಿ ಎದುರು ಬದಿಯ ಹುಬ್ಬಿನ ಮೇಲೆ. ಉಪ್ಪುನೀರು ಒಂದೆರಡು ಹನಿ ಕೆನ್ನೆಗೆ ಇಳಿಯುವುದು ಮಾಮೂಲು.

ಗುಂಡಿ ಒತ್ತಿದ ಮೇಲೆ ಮೊದಲ ಅರ್ಧ ನಿಮಿಷ ಸ್ಪಾಂಜಿನ ಕೆಳಗೆ ಇರುವೆ ಹರಿದಂತೆ ಜುಮುಜುಮು, ತುರಿಕೆ. ಆಮೇಲೆ ಅದೂ ತಣ್ಣಗಾಗುತ್ತದೆ. ಇಪ್ಪತ್ತು ನಿಮಿಷ ಕಳೆದರೆ ಮುಗಿಯಿತು. ಚರ್ಮ ಒಂದಿಷ್ಟು ಕೆಂಪಾಗಿರುತ್ತದೆ, ಕೆಲವರಿಗೆ ತಲೆನೋವು ಬರುತ್ತದೆ. ಸ್ಪಾಂಜು ಒಣಗಿದ್ದರೆ ಚರ್ಮ ಸುಡುವ ಅಪಾಯ ಉಂಟು, ಆದ್ದರಿಂದ ಉರಿ ಅನ್ನಿಸಿದರೆ ಸಹಿಸಿಕೊಂಡು ಕೂರದೆ ಆ ಕ್ಷಣವೇ ಹೇಳಬೇಕು.

ಸ್ಪಾಂಜು ಇಡುವ ಆ ಜಾಗ ನೋವನ್ನು ಗ್ರಹಿಸುವ ಜಾಗವಲ್ಲ, ಕೈಕಾಲು ಆಡಿಸುವ ಜಾಗ. ನೋವಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳಿದರೆ ತಪ್ಪಿಲ್ಲ. ಜಪಾನಿನ ತ್ಸುಬೊಕಾವ ಮತ್ತು ಅವರ ಜೊತೆಗಾರರು 1991ರಲ್ಲಿ, ಪಾರ್ಶ್ವವಾಯುವಿನ ನಂತರ ಬರುವ ಘೋರ ನೋವಿಗೆ, ತಲೆಬುರುಡೆ ತೆರೆದು ಇದೇ ಭಾಗದ ಮೇಲೆ ಎಲೆಕ್ಟ್ರೋಡ್ ಇಟ್ಟು ಫಲ ಕಂಡಿದ್ದರು. ಅಲ್ಲಿಂದ ಹೊರಡುವ ನರತಂತುಗಳು ಮೆದುಳಿನ ಆಳದಲ್ಲಿ ನೋವನ್ನು ಹತೋಟಿಯಲ್ಲಿಡುವ ಕೇಂದ್ರಗಳನ್ನು ಎಬ್ಬಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ನಮ್ಮ ದೇಹವೇ ತಯಾರಿಸುವ ಮಾರ್ಫಿನ್ನಿನಂಥ ವಸ್ತುಗಳೂ ಇದರಲ್ಲಿ ಪಾಲ್ಗೊಳ್ಳುತ್ತವೆ. 2000ದಲ್ಲಿ ಜರ್ಮನಿಯ ಗೋಟಿಂಗನ್‌ನಲ್ಲಿ ನಿಟ್ಷೆ ಮತ್ತು ಪೌಲುಸ್ ಅವರು ತಲೆಬುರುಡೆ ತೆರೆಯದೆ, ಸಣ್ಣ ಕರೆಂಟಿನಿಂದಲೇ ಈ ಭಾಗದ ಚುರುಕುತನ ಏರಿಸಬಹುದು, ಇಳಿಸಬಹುದು ಎಂದು ತೋರಿಸಿದರು. ಈ ಕರೆಂಟು ನರಕೋಶವನ್ನು ಒತ್ತಾಯದಿಂದ ಕೆಲಸಕ್ಕೆ ಹಚ್ಚುವುದಿಲ್ಲ. ಕೆಲಸಕ್ಕೆ ಏಳಲು ಅಣಿ ಮಾಡುತ್ತದೆ, ಅಷ್ಟೇ.

ಬರ್ಲಿನ್ನಿನ ಇಪ್ಪತ್ತು ಜನ

ಐಬಿಡಿ ರೋಗಿಗಳ ಮೇಲೆ ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿದ್ದು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯಲ್ಲಿ. ಮಾಗ್ಡಲೇನಾ ಫೋಲ್ಟ್ಸ್, ಬ್ರಿಟ್ಟಾ ಝೀಗ್ಮುಂಡ್ ಮೊದಲಾದವರ ಈ ಅಧ್ಯಯನ 2016ರಲ್ಲಿ 'ಪೇನ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಹುಕಾಲದ ಹೊಟ್ಟೆನೋವಿದ್ದ 20 ಐಬಿಡಿ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸತತ ಐದು ದಿನ, ದಿನಕ್ಕೆ 20 ನಿಮಿಷ, 2 ಮಿಲಿ ಆಂಪಿಯರ್ ನಿಜವಾದ ಕರೆಂಟು. ಇನ್ನೊಂದಕ್ಕೆ ಹುಸಿ ಚಿಕಿತ್ಸೆ.

ಹುಸಿ ಚಿಕಿತ್ಸೆಯ ಉಪಾಯ ಚೆನ್ನಾಗಿದೆ. ಜುಮುಜುಮು ಬರುವುದು ಮೊದಲ ಕ್ಷಣಗಳಲ್ಲಿ ಮಾತ್ರ ಎಂದೆನಲ್ಲ? ಹುಸಿಯಲ್ಲಿ ಅಷ್ಟು ಹೊತ್ತು ಮಾತ್ರ ಕರೆಂಟು ಕೊಟ್ಟು ಸದ್ದಿಲ್ಲದೆ ನಿಲ್ಲಿಸುತ್ತಾರೆ. ಕುರ್ಚಿಯಲ್ಲಿ ಕೂತವರಿಗೆ ತಾವು ಯಾವ ಗುಂಪು ಎಂದು ಹೇಳಲು ಬರುವುದಿಲ್ಲ. ನೋವಿನ ವಿಷಯದಲ್ಲಿ ಈ ಎಚ್ಚರ ಬೇಕೇ ಬೇಕು. ಬಿಳಿ ಕೋಟು, ಟೇಪಿನ ಅಳತೆ, ಮಿನುಗುವ ಯಂತ್ರ, ದಿನವೂ ಇಪ್ಪತ್ತು ನಿಮಿಷ ವಿಚಾರಿಸಿಕೊಳ್ಳುವ ಒಬ್ಬರು, ಇಷ್ಟರಿಂದಲೇ ಅರ್ಧ ನೋವು ಇಳಿದವರನ್ನು ನಾವೆಲ್ಲ ಕಂಡಿದ್ದೇವೆ.

ಫಲಿತಾಂಶ? ನಿಜವಾದ ಕರೆಂಟು ಪಡೆದವರಲ್ಲಿ ನೋವು ಹುಸಿ ಗುಂಪಿಗಿಂತ ಕಡಿಮೆಯಾಯಿತು, ಒತ್ತಿದರೆ ತಡೆದುಕೊಳ್ಳುವ ಶಕ್ತಿ ಹೆಚ್ಚಿತು. ವಾರ ಬಿಟ್ಟು ನೋಡಿದಾಗಲೂ ನೋವಿನ ಇಳಿಕೆ ಒಂದಷ್ಟು ಉಳಿದಿತ್ತು. ಅದೇ ತಂಡ 2019ರಲ್ಲಿ ಎಂಆರ್‌ಐ ಬಳಸಿ, ಚಿಕಿತ್ಸೆಯ ನಂತರ ಮೆದುಳಿನ ಭಾಗಗಳ ನಡುವಿನ ಸಂಪರ್ಕದಲ್ಲೂ ಬದಲಾವಣೆ ಕಂಡಿದ್ದನ್ನು ವರದಿ ಮಾಡಿತು.

ಇದನ್ನು ಓದಿ ಹಿಗ್ಗುವ ಮೊದಲು ಅಂಕಿಗಳನ್ನು ಇನ್ನೊಮ್ಮೆ ನೋಡಿ. ಒಟ್ಟು 20 ಜನ, ಗುಂಪಿಗೆ 10. ಐದು ದಿನದ ಚಿಕಿತ್ಸೆ, ಒಂದು ವಾರದ ಕಾವಲು. ಆರು ತಿಂಗಳ ನಂತರ ಏನಾಯಿತು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಬೇರೆ ಬೇರೆ ಬಹುಕಾಲದ ನೋವುಗಳ ಮೇಲೆ ಮೆದುಳಿನ ಪ್ರಚೋದನೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ತೂಗಿದ ಕೊಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ, ಟಿಡಿಸಿಎಸ್ ಪರವಾದ ಪುರಾವೆಯ ಗುಣಮಟ್ಟ ಕೆಳಮಟ್ಟದ್ದು ಎಂದೇ ಹೇಳಿತು. ನನ್ನ ತೀರ್ಪು ಕೇಳುವುದಾದರೆ: ಬಾಗಿಲು ತೆರೆದಿದೆ, ಒಳಗೆ ದೀಪ ಇನ್ನೂ ಹಚ್ಚಿಲ್ಲ. ಬೇರೆ ದಾರಿಗಳನ್ನು ನೋಡಿ ಮುಗಿಸಿದವರು ವೈದ್ಯರ ಕೈಹಿಡಿದು ಒಳಗೆ ಹೋಗಬಹುದು, ಒಂಟಿಯಾಗಿ ನುಗ್ಗಬಾರದು.

ಒಂದೇ ಹೆಸರಿನಲ್ಲಿ ಸುತ್ತುವ ಬೇರೆ ಯಂತ್ರಗಳು

ಆರ್‌ಟಿಎಂಎಸ್ ಎಂಬುದು ಕರೆಂಟಿನ ಬದಲು ಆಯಸ್ಕಾಂತದ ಹೊಡೆತ ಕೊಡುವ ದೊಡ್ಡ ಯಂತ್ರ. ತಲೆಯ ಬಳಿ ಸುರುಳಿ ಹಿಡಿದರೆ ಟಕಟಕ ಸದ್ದು ಬರುತ್ತದೆ. ನರಗಳಿಗೆ ಪೆಟ್ಟಾಗಿ ಬರುವ ನೋವಿಗೆ ಇದರ ಪುರಾವೆ ಹೆಚ್ಚು ಗಟ್ಟಿ. ಹಾಗೆಂದು ಐಬಿಡಿ ನೋವಿಗೂ ಅದೇ ಭರವಸೆ ಹೇಳಲು ಬರುವುದಿಲ್ಲ. ಫಿಟ್ಸ್ ಬರುವ ಸಾಧ್ಯತೆ ಅತಿ ಕಡಿಮೆಯಾದರೂ ಇಲ್ಲದಿಲ್ಲ.

ವೇಗಸ್ ನರದ ಪ್ರಚೋದನೆ ಬೇರೆಯೇ ಸಂಗತಿ. ಮೆದುಳಿನಿಂದ ಕುತ್ತಿಗೆಯ ಮೂಲಕ ಕರುಳಿಗೆ ಇಳಿಯುವ ಈ ನರಕ್ಕೆ ಉರಿಯೂತವನ್ನೇ ತಗ್ಗಿಸುವ ಗುಣವಿದೆ. ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಬ್ರೂನೊ ಬೊನಾಜ್ ತಂಡ ಕ್ರೋನ್ಸ್ ಇದ್ದ 7 ಜನರಿಗೆ ಆಪರೇಷನ್ ಮಾಡಿ ಯಂತ್ರ ಕೂರಿಸಿತು. 2016ರ ವರದಿಯ ಪ್ರಕಾರ 5 ಜನ ಸುಧಾರಿಸಿದರು, ಇಬ್ಬರಿಗೆ ಕಾಯಿಲೆ ಹೆಚ್ಚಾಗಿ ಅರ್ಧಕ್ಕೆ ಬಿಡಬೇಕಾಯಿತು. ಅದರ ಗುರಿ ಉರಿಯೂತ, ನಾವು ಮಾತಾಡುತ್ತಿರುವುದು ಉರಿಯೂತ ತಗ್ಗಿದ ಮೇಲಿನ ನೋವು. ಎರಡನ್ನೂ ಬೆರೆಸಿ ಮಾರುವವರ ಮಾತು ನಂಬಬೇಡಿ.

ಪುರಾವೆ ಗಟ್ಟಿಯಾಗುವವರೆಗೆ ಕೈಯಲ್ಲಿರುವುದು

ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯುವ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಐಬಿಡಿಯನ್ನು ಕೆರಳಿಸಬಹುದು. ಮಂಡಿನೋವಿಗೆ, ಹಲ್ಲುನೋವಿಗೆ ಬೇರೆ ವೈದ್ಯರ ಬಳಿ ಹೋದಾಗಲೂ ನಿಮಗೆ ಐಬಿಡಿ ಇದೆ ಎಂದು ಮೊದಲೇ ಹೇಳಿ. ಪ್ಯಾರಾಸಿಟಮಾಲ್ ಆ ಮಾತ್ರೆಗಳಿಗಿಂತ ವಾಸಿ. ಟ್ರಾಮಡಾಲ್ ಮತ್ತು ಅದಕ್ಕಿಂತ ಬಲವಾದ ಅಫೀಮು ಜಾತಿಯ ಮಾತ್ರೆಗಳು ಎರಡು ದಿನಕ್ಕೆ ಸುಖ ಕೊಟ್ಟು ಆಮೇಲೆ ಕರುಳಿನ ಚಲನೆಯನ್ನೇ ಕಟ್ಟಿಹಾಕುತ್ತವೆ. ತಿಂಗಳುಗಟ್ಟಲೆ ತಿಂದವರಲ್ಲಿ ಮಾತ್ರೆಯಿಂದಲೇ ಹೊಟ್ಟೆನೋವು ಹೆಚ್ಚುವ ವಿಚಿತ್ರ ಸ್ಥಿತಿ ಬರುವುದುಂಟು. ಆಗ ಡೋಸು ಏರಿಸಿದಷ್ಟೂ ನೋವು ಏರುತ್ತದೆ.

ನರಗಳ ಅಬ್ಬರ ತಗ್ಗಿಸಲು ಅಮಿಟ್ರಿಪ್ಟಿಲೀನ್‌ನಂಥ ಮಾತ್ರೆಯನ್ನು ರಾತ್ರಿ ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ಚೀಟಿಯಲ್ಲಿ ಅದರ ಹೆಸರು ಕಂಡು, ಗೂಗಲ್ಲಿನಲ್ಲಿ ಖಿನ್ನತೆಯ ಮಾತ್ರೆ ಎಂದು ಓದಿ, "ನನಗೇನು ಹುಚ್ಚಾ?" ಎಂದು ಎಸೆದವರಿದ್ದಾರೆ. ಎಸೆಯಬೇಡಿ, ಅದು ನೋವಿಗೇ ಕೊಟ್ಟಿದ್ದು. ಆಪ್ತಸಮಾಲೋಚನೆ, ಉಸಿರಾಟದ ಅಭ್ಯಾಸ, ಯೋಗ ಇವುಗಳ ಬಗ್ಗೆ ನನಗೆ ಮೊದಲು ಅಷ್ಟೇನೂ ನಂಬಿಕೆ ಇರಲಿಲ್ಲ. ಜರ್ಮನಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳು 12 ವಾರ ಯೋಗ ಮಾಡಿ ಬದುಕಿನ ಗುಣಮಟ್ಟ ಸುಧಾರಿಸಿಕೊಂಡ ವರದಿ ಓದಿದ ಮೇಲೆ ಆ ಗುಮಾನಿ ಸ್ವಲ್ಪ ಕರಗಿದೆ. ನಮ್ಮ ಊರಿನ ಯೋಗವನ್ನು ನಂಬಲು ಜರ್ಮನಿಯ ಕಾಗದ ಬೇಕಾಯಿತು ಎನ್ನುವುದು ಬೇರೆ ಮಾತು.

ಕೇಳಬೇಕಾದ್ದು, ಮಾಡಬಾರದ್ದು

ಟಿಡಿಸಿಎಸ್ ನಮ್ಮ ನಾಡಿಗೆ ಅಪರಿಚಿತವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ಕಿಜೋಫ್ರೇನಿಯಾ ಇರುವವರಿಗೆ ಕಿವಿಯಲ್ಲಿ ಕೇಳುವ ಇಲ್ಲದ ಧ್ವನಿಗಳನ್ನು ತಗ್ಗಿಸಲು ಇದನ್ನು ಬಳಸಿ ಅಧ್ಯಯನಗಳು ನಡೆದಿವೆ. ಯಂತ್ರವೂ ಅದನ್ನು ಬಲ್ಲವರೂ ಇದ್ದಾರೆ. ಆದರೆ ಐಬಿಡಿ ನೋವಿಗೆ ಇದು ದಿನನಿತ್ಯದ ಚಿಕಿತ್ಸೆಯಲ್ಲ. ಯಾರಾದರೂ ಹಾಗೆ ಹೇಳಿ ಹತ್ತು ಸಿಟ್ಟಿಂಗಿನ ಪ್ಯಾಕೇಜಿಗೆ ಮುಂಗಡ ಕೇಳಿದರೆ ಎದ್ದು ಬನ್ನಿ. ಇದನ್ನು ಪಡೆಯಲು ಒಳ್ಳೆಯ ದಾರಿ ಅಧ್ಯಯನದಲ್ಲಿ ಸೇರುವುದು. ನಮ್ಮ ದೇಶದ ಇಂಥ ಪ್ರಯೋಗಗಳು ಭಾರತೀಯ ಕ್ಲಿನಿಕಲ್ ಟ್ರಯಲ್ ನೋಂದಣಿ ಎಂಬ ಸರ್ಕಾರಿ ಜಾಲತಾಣದಲ್ಲಿ ದಾಖಲಾಗುತ್ತವೆ, ಯಾರು ಬೇಕಾದರೂ ಹುಡುಕಿ ನೋಡಬಹುದು. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಹುಸಿ ಗುಂಪಿಗೆ ಬಿದ್ದರೆ ಆಮೇಲೆ ನಿಜವಾದದ್ದು ಸಿಗುತ್ತದೆಯೇ ಎಂದೂ ಕೇಳಿ.

ತಲೆಯೊಳಗೆ ಲೋಹದ ತುಂಡು ಅಥವಾ ಯಂತ್ರ ಇರುವವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಫಿಟ್ಸ್ ಇರುವವರು, ಗರ್ಭಿಣಿಯರು, ನೆತ್ತಿಯಲ್ಲಿ ಗಾಯ ಇರುವವರು ಮೊದಲೇ ತಿಳಿಸಬೇಕು. ಬೈಪೋಲಾರ್ ಕಾಯಿಲೆ ಇದ್ದವರಿಗೆ ಉನ್ಮಾದ ಕೆರಳಿದ ಉದಾಹರಣೆಗಳಿವೆ. ಐಬಿಡಿ ಔಷಧಿಯನ್ನು ಯಾವ ಕಾರಣಕ್ಕೂ ನಿಲ್ಲಿಸುವಂತಿಲ್ಲ. ನೋವು ಇಳಿದಿದೆ ಎಂದು ಮಾತ್ರೆ ಬಿಟ್ಟರೆ ಒಳಗೆ ಹುಣ್ಣು ಮರಳುವುದು ಗೊತ್ತೂ ಆಗುವುದಿಲ್ಲ.

ಬ್ಯಾಟರಿ, ವಯರು, ಸ್ಪಾಂಜು ತಂದು ಮನೆಯಲ್ಲೇ ಜೋಡಿಸುವ ವಿಡಿಯೋಗಳು ಬೇಕಾದಷ್ಟಿವೆ. ಸ್ಪಾಂಜಿನ ಜಾಗ ಎರಡು ಬೆರಳು ಸರಿದರೂ, ಎರಡು ವಯರು ಅದಲುಬದಲಾದರೂ ಪರಿಣಾಮ ತಿರುಗುಮುರುಗಾಗಬಹುದು. 2016ರಲ್ಲಿ ನರವಿಜ್ಞಾನಿಗಳೇ ಒಂದು ಬಹಿರಂಗ ಪತ್ರ ಬರೆದು ಮನೆಯ ಪ್ರಯೋಗಿಗಳನ್ನು ಎಚ್ಚರಿಸಿದ್ದರು.

ಇವತ್ತೇ ಶುರು ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಯಂತ್ರ ಬೇಡ. ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಅದೇ ಚೌಕದಲ್ಲಿ, ರಾತ್ರಿ ಮಲಗುವ ಮುಂಚೆ, ಅಂದಿನ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಕೊಡಿ. ಪಕ್ಕದಲ್ಲಿ ಎಷ್ಟು ಸಲ ಪಾಯಿಖಾನೆಗೆ ಹೋದಿರಿ, ನಿದ್ದೆ ಆಯಿತೇ, ಯಾವ ಮಾತ್ರೆ ತಿಂದಿರಿ ಎಂಬುದು. ಒಂದು ತಿಂಗಳ ಇಂಥ ಹಾಳೆ, "ತುಂಬಾ ನೋವು ಸಾರ್" ಎಂಬ ಮಾತಿಗಿಂತ ಹೆಚ್ಚನ್ನು ವೈದ್ಯರಿಗೆ ಹೇಳುತ್ತದೆ. ಮುಂದೆ ಯಾವ ಚಿಕಿತ್ಸೆ ಶುರುವಾದರೂ ಅದು ಫಲ ಕೊಟ್ಟಿತೋ ಇಲ್ಲವೋ ಎಂದು ಅಳೆಯಲು ಅದೇ ಆಧಾರ. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಆ ಹಾಳೆ ಹರಿದುಕೊಂಡು ಹೋಗಿ. ಹಾಲಿನ ಲೆಕ್ಕವೂ ಅದರಲ್ಲೇ ಇದ್ದರೆ ಪರವಾಗಿಲ್ಲ.